ಯಾರು ಮೊದಲು ಹೊರಡಬೇಕು

ಬಾಡಿಗೆ ಕರಾರಿಗೆ ಬೇಕೆಂದು ಕಳೆದ ಶನಿವಾರ ಬೀರುವಿನ ಫೈಲುಗಳನ್ನೆಲ್ಲ ಹಾಸಿಗೆಯ ಮೇಲೆ ಸುರಿದುಕೊಂಡು ಪಾಸ್‌ಪೋರ್ಟಿನ ಜೆರಾಕ್ಸ್ ಹುಡುಕುತ್ತಿದ್ದೆ. ಅದು ಸಿಗಲಿಲ್ಲ. ಸಿಕ್ಕಿದ್ದು ಎರಡು ಹಾಳೆಯ ಒಂದು ಫಾರಂ. ಜರ್ಮನಿಯಲ್ಲಿ ಎಂ.ಎಸ್. ಓದುವಾಗ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಆರು ತಿಂಗಳು ಇಂಟರ್ನ್ ಆಗಿದ್ದೆ. ಅಲ್ಲಿನ ಮೇಲ್ವಿಚಾರಕಿ ನನ್ನ ಬಗ್ಗೆ ಬರೆದ ವರದಿ ಅದು. ಒಂದು ಸಾಲನ್ನು ಸ್ಕೇಲ್ ಇಟ್ಟು ಹೊಡೆದುಹಾಕಿದ್ದಾರೆ. ಹೊಡೆದರೂ ಓದಬಹುದು: ‘ಕೆಲಸ ಅಚ್ಚುಕಟ್ಟು, ಆದರೆ ನಿಗದಿತ ವೇಳೆಯೊಳಗೆ ಮುಗಿಸಲಾರಳು.’

ಜೆರಾಕ್ಸ್ ಮರೆತೇಹೋಯಿತು. ಆ ಸಾಲಿನ ಕಥೆ ಹೇಳಬೇಕಾದರೆ ಮೊದಲು ಅಪ್ಪನ ವಿಷಯ ಹೇಳಬೇಕು.

ನಮ್ಮದು ವಿಲ್ಸನ್ ಗಾರ್ಡನ್ನಿನಲ್ಲಿ ಎರಡು ಕೋಣೆಯ ಮನೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡರಲ್ಲೂ ಹುಡುಕಿ ನೋಡಿ, ಡಿಗ್ರಿ ಮಾಡಿದ ಮೊದಲ ತಲೆ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಷ್ಟಪಟ್ಟು ಗಳಿಸಿದ್ದನ್ನು ಯಾಕೆ ಮುಚ್ಚಿಡಬೇಕು? ಅಪ್ಪ ಜಯನಗರದ ಒಂದು ಕಚೇರಿಯಲ್ಲಿ ಅಟೆಂಡರ್ ಆಗಿದ್ದ. ಕಚೇರಿ ಮುಚ್ಚುವುದು ಐದೂವರೆಗೆ. ಅಪ್ಪ ಮನೆ ಸೇರುವಾಗ ಎಂಟು.

“ಸಾಹೇಬ್ರು ಹೊರಡದೆ ನಾನು ಹೊರಡೋದು ಹೆಂಗೆ?” ಎನ್ನುತ್ತಿದ್ದ.

“ಹಂಗಾದ್ರೆ ಹಾಸಿಗೆನೂ ಅಲ್ಲೇ ಹಾಸ್ಕೊಳ್ಳಿ,” ಎನ್ನುತ್ತಿದ್ದಳು ಅಮ್ಮ, ತಟ್ಟೆ ಇಡುತ್ತಾ.

ಈ ಮಾತು ಕೇಳಿಕೊಂಡೇ ಬೆಳೆದವಳು ನಾನು. ದೊಡ್ಡವರು ಏಳುವ ಮುಂಚೆ ಊಟದಿಂದ ಏಳಬಾರದು, ದೊಡ್ಡವರು ಬಂದರೆ ಕೂರಬಾರದು. ಇವನ್ನೆಲ್ಲ ಯಾರೂ ಕೂರಿಸಿ ಕಲಿಸಲಿಲ್ಲ, ಮಾತು ಬಂದ ಹಾಗೆ ಇವೂ ಬಂದವು. ವಿಮಾನ ಹತ್ತುವಾಗ ಸೂಟ್‌ಕೇಸನ್ನು ತೂಕ ಹಾಕಿದರು, ಇವನ್ನು ಯಾರೂ ತೂಕ ಹಾಕಲಿಲ್ಲ.

ಅಲ್ಲಿ ಮೊದಲ ದಿನ ಪ್ರೊಫೆಸರ್ ಒಳಗೆ ಬಂದರು. ನಾನು ಎದ್ದು ನಿಂತೆ. ಇಡೀ ಕ್ಲಾಸಿನಲ್ಲಿ ನಿಂತವಳು ನಾನೊಬ್ಬಳೇ. ಏನೋ ಪ್ರಶ್ನೆ ಇರಬೇಕೆಂದು ಅವರು ಕಾದರು. ನನ್ನ ಹತ್ತಿರ ಪ್ರಶ್ನೆ ಇರಲಿಲ್ಲ. “ಕಿಟಕಿ ತೆಗೆಯಲಾ?” ಎಂದೆ. ಹೊರಗೆ ಹಿಮ ಬೀಳುತ್ತಿತ್ತು. ನಗಬೇಡಿ, ತೆಗೆದೂ ಬಂದೆ.

ಉಳಿದದ್ದಕ್ಕೆ ಬೇಗ ಹೊಂದಿಕೊಂಡೆ. ಭಾನುವಾರ ಅಂಗಡಿ ತೆರೆಯುವುದಿಲ್ಲ ಎಂದು ಎರಡು ಭಾನುವಾರ ಖಾಲಿ ಚೀಲ ಹಿಡಿದು ವಾಪಸ್ ಬಂದ ಮೇಲೆ ಗೊತ್ತಾಯಿತು. ಸಂಜೆಗೆ ತಣ್ಣನೆ ಬ್ರೆಡ್ಡು ತಿಂದು ಅದನ್ನು ಊಟ ಎಂದು ಕರೆಯುವುದನ್ನು ಮಾತ್ರ ಒಪ್ಪಲಿಲ್ಲ. ಹಾಸ್ಟೆಲ್ ಅಡುಗೆಮನೆಯಲ್ಲಿ ಮುದ್ದೆ ತಿರುವಿದೆ. ಅಲ್ಲಿನ ಮರದ ಸೌಟು ಎರಡನೇ ವಾರಕ್ಕೇ ಮುರಿಯಿತು. ಪಕ್ಕದ ಕೋಣೆಯವಳು ಅದನ್ನು ನೋಡಿ, ನಾನು ಮಾಡುವುದು ಅಡುಗೆಯೋ ವ್ಯಾಯಾಮವೋ ಎಂದು ಕೇಳಿದಳು. ಎರಡೂ ಎಂದೆ.

ಲ್ಯಾಬಿಗೆ ಸೇರಿದ್ದು ಬೇಸಿಗೆಯಲ್ಲಿ. ಮೇಲ್ವಿಚಾರಕಿಯ ಹೆಸರು ಬಿರ್ಗಿಟ್, ಐವತ್ತು ದಾಟಿದವರು, ಮಾತು ಕಮ್ಮಿ. ಹೆಸರು ಹಿಡಿದೇ ಕರೆ ಎಂದಿದ್ದರು. ನಾಲಿಗೆ ಹೊರಳಲಿಲ್ಲ, ‘ಮೇಡಂ’ ಎಂದೇ ಕರೆದೆ. ನಾವಿಬ್ಬರೂ ಆಡುತ್ತಿದ್ದದ್ದು ಇಂಗ್ಲಿಷು; ನಿಮಗೆ ಕನ್ನಡದಲ್ಲೇ ಹೇಳುತ್ತೇನೆ. ಬೆಳಗ್ಗೆ ಬಂದ ಸ್ಯಾಂಪಲ್ಲುಗಳನ್ನು ಪರೀಕ್ಷಿಸಿ, ಮುಗಿದ ವೇಳೆಯನ್ನು ಲಾಗ್ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಸರಿಯಾಗಿ ನಾಲ್ಕಕ್ಕೆ ಮುಗಿಯುತ್ತಿತ್ತು. ಐದಕ್ಕೆ ಎಲ್ಲರೂ ಒಬ್ಬರಿಗೊಬ್ಬರು ಶುಭ ಸಂಜೆ ಹೇಳಿ ಹೊರಡುತ್ತಿದ್ದರು. ಬಿರ್ಗಿಟ್ ಮಾತ್ರ ಮೇಜಿನ ಮುಂದೆ ಕೂತೇ ಇರುತ್ತಿದ್ದರು.

ಅವರು ಹೊರಡದೆ ನಾನು ಹೊರಡುವುದು ಹೇಗೆ?

ತೊಳೆದ ಗಾಜಿನ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಬಾಟಲಿಗಳನ್ನು ಎತ್ತರದ ಪ್ರಕಾರ ಜೋಡಿಸಿ, ಆಮೇಲೆ ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ. ಆರು ಆಗುತ್ತಿತ್ತು, ಏಳು ಆಗುತ್ತಿತ್ತು. ಅಲ್ಲಿಯ ಬೇಸಿಗೆಯಲ್ಲಿ ಒಂಬತ್ತಾದರೂ ಬಿಸಿಲು ಹೋಗುವುದಿಲ್ಲ, ಕತ್ತಲಾಯಿತು ಎಂಬ ನೆಪವೂ ಇಲ್ಲ. ಏನು ಕೆಲಸ ಮಾಡ್ತಾರಪ್ಪಾ ಈಯಮ್ಮ ಎಂದುಕೊಳ್ಳುತ್ತಿದ್ದೆ. ಕೊನೆಗೆ ಅವರು ನಿಟ್ಟುಸಿರುಬಿಟ್ಟು ಏಳುತ್ತಿದ್ದರು, ಅವರ ಹಿಂದೆಯೇ ನಾನು.

ಮೂರು ವಾರ ಹೀಗೆ ನಡೆಯಿತು. ನಾಲ್ಕನೇ ವಾರ, ಮೊದಲ ತಿಂಗಳ ವರದಿ ಎಂದು ಆ ಫಾರಂ ಕೈಗೆ ಬಂತು. ‘ಮುಗಿಸಲಾರಳು.’ ಇದು ಹಾಗೇ ವಿಶ್ವವಿದ್ಯಾಲಯಕ್ಕೆ ಹೋದರೆ ಇಂಟರ್ನ್‌ಶಿಪ್ ಲೆಕ್ಕಕ್ಕೆ ಬರುವುದಿಲ್ಲ, ಡಿಗ್ರಿಯೂ ಕೈಗೆ ಸಿಗುವುದಿಲ್ಲ. ಮನೆಯಲ್ಲಿ ಅಮ್ಮ ಆಗಲೇ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಎರಡು ದಿನ ಫೋನಿನಲ್ಲಿ ಹವಾಮಾನದ ಬಗ್ಗೆಯೇ ಮಾತಾಡಿದೆ.

ದೊಡ್ಡವರು ಬರೆದದ್ದನ್ನು ತಪ್ಪು ಅನ್ನುವುದು ನನ್ನ ಮೈಯಲ್ಲಿಲ್ಲ. ಆದರೆ ನಿಧಾನ ಎನ್ನಿಸಿಕೊಳ್ಳುವುದೂ ಇಲ್ಲ. ಮೂರನೆಯ ದಿನ ಲಾಗ್ ಪುಸ್ತಕ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ.

“ಮೇಡಂ, ಈ ಸಾಲು ತಪ್ಪು. ದಿನಾ ನಾಲ್ಕಕ್ಕೆ ಮುಗಿಸಿದ್ದೀನಿ. ವೇಳೆ ನೋಡಿ.”

ಅವರು ಹಾಳೆ ಹಾಳೆ ತಿರುವಿದರು. ಕನ್ನಡಕ ತೆಗೆದರು.

“ಮತ್ತೆ ಏಳು ಗಂಟೆವರೆಗೂ ಏನು ಮಾಡ್ತಿದ್ದೆ?”

“ನೀವು ಹೊರಡಲಿ ಅಂತ ಕಾಯ್ತಿದ್ದೆ.”

“ನಾನು ನೀನು ಹೊರಡಲಿ ಅಂತ ಕಾಯ್ತಿದ್ದೆ!”

ಇಂಟರ್ನ್‌ಗಳು ಲ್ಯಾಬಿನಲ್ಲಿ ಒಬ್ಬರೇ ಇರಕೂಡದು ಎಂಬ ನಿಯಮವಿತ್ತಂತೆ. ಮೊದಲ ದಿನ ನಾನೇ ಸಹಿ ಹಾಕಿದ ಕಾಗದಗಳ ಕಟ್ಟಿನಲ್ಲಿ ಅದಿತ್ತು. ಸಹಿ ಎಲ್ಲಿ ಹಾಕಬೇಕು ಎಂಬುದನ್ನಷ್ಟೇ ನಾನು ನೋಡಿದ್ದೆ. ನನ್ನ ಕೆಲಸ ಮುಗಿದಿಲ್ಲ ಪಾಪ ಎಂದುಕೊಂಡು ಅವರು ಮೂರು ಮಂಗಳವಾರ ತಮ್ಮ ಗಾಯನ ಮಂಡಳಿಗೆ ಚಕ್ಕರ್ ಹೊಡೆದಿದ್ದರು.

“ಮನೆಗೆ ಹೋಗು ಅಂತ ಒಂದು ಮಾತು ಹೇಳಬಹುದಿತ್ತಲ್ಲ ಮೇಡಂ?”

“ಬೆಳೆದ ಹೆಂಗಸಿಗೆ ಮನೆಗೆ ಹೋಗು ಅಂತ ನಾನು ಹೇಳೋದಾ? ಅದು ಅವಮಾನ ಅಲ್ವಾ?”

ಅವರಿಗಿಂತ ಮೊದಲು ಹೊರಡುವುದು ಅವರಿಗೆ ಅವಮಾನ ಎಂದು ನಾನು. ಹೊರಡು ಎನ್ನುವುದು ನನಗೆ ಅವಮಾನ ಎಂದು ಅವರು. ಇಬ್ಬರೂ ಎಷ್ಟು ನಕ್ಕೆವೆಂದರೆ ಪಕ್ಕದ ಕೋಣೆಯವರು ಇಣುಕಿದರು. ಬಿರ್ಗಿಟ್ ಸ್ಕೇಲ್ ತೆಗೆದು ಸಾಲು ಹೊಡೆದರು, ಕೆಳಗೆ ಸಹಿ ಹಾಕಿದರು. ಕೊಡುವಾಗ ಮಾತ್ರ ಫಾರಂನ ತುದಿ ಬಿಡಲಿಲ್ಲ. “ನಾಳೆ ನೀನೇ ಮೊದಲು ಹೊರಡಬೇಕು. ನೀನು ಹೋಗೋವರೆಗೆ ನಾನು ಏಳಲ್ಲ.”

ಮಾರನೆಯ ದಿನ ಐದಕ್ಕೆ ಬ್ಯಾಗ್ ಹೆಗಲಿಗೆ ಹಾಕಿದೆ. ಬೆಂಚಿನಿಂದ ಬಾಗಿಲಿಗೆ ಹತ್ತು ಹೆಜ್ಜೆ. ವೀಸಾ ಸಂದರ್ಶನಕ್ಕೂ ನಾನು ಅಷ್ಟು ನಿಧಾನ ನಡೆದಿರಲಿಲ್ಲ. “ನನ್ನ ಕೆಲಸ ಮುಗೀತು, ಹೊರಡ್ತೀನಿ, ಬಿರ್ಗಿಟ್,” ಎಂದೆ. ಅವರು ತಲೆ ಎತ್ತದೆ ಶುಭ ಸಂಜೆ ಎಂದರು. ಅಷ್ಟೇ. ಆಕಾಶವೇನೂ ಬೀಳಲಿಲ್ಲ.

ಡಿಗ್ರಿ ಬಂತು. ಈಗ ಜೆ.ಪಿ. ನಗರದ ಲ್ಯಾಬೊಂದರಲ್ಲಿ ಕೆಲಸ. ಸಂಜೆ ಆರಕ್ಕೆ ಕೆಲಸ ಬಿಟ್ಟು ಏಳುತ್ತೇನೆ. ನಮ್ಮ ಮ್ಯಾನೇಜರ್ ಎಂಟರವರೆಗೆ ಕೂರುವ ಪೈಕಿ. ಅವರ ಹೆದರಿಕೆಗೆ ಉಳಿದವರೂ ಕೂರುತ್ತಾರೆ. “ಏನ್ ಮೇಡಂ, ಹಾಫ್ ಡೇನಾ?” ಎಂದು ಯಾರಾದರೂ ಕಿಚಾಯಿಸಿದರೆ, “ನಿಮ್ದು ಓವರ್‌ಟೈಮಾ ಗುರು?” ಎನ್ನುತ್ತೇನೆ. ಈ ವಿಷಯದಲ್ಲಿ ನಾನು ಅಪ್ಪನಿಗಿಂತ ಬುದ್ಧಿವಂತೆ ಎಂದೇ ತಿಳಿದಿದ್ದೆ.

ಫಾರಂ ಸಿಕ್ಕಿದ ಮಾರನೆಯ ದಿನ, ಭಾನುವಾರ, ಅಪ್ಪನಿಗೆ ಇಷ್ಟೂ ಹೇಳಿದೆ. ಅಂದು ಮುಚ್ಚಿಟ್ಟಿದ್ದ ಆ ಸಾಲನ್ನೂ ಓದಿ ಹೇಳಿದೆ. ನಕ್ಕ. ನಾನು ಸುಮ್ಮನಿರಬೇಕಿತ್ತು, “ಅಪ್ಪಾ, ನಿಮ್ಮ ಸಾಹೇಬ್ರಿಗೂ ಒಂದಿನ ನೀನು ಹೊರಡ್ತೀನಿ ಅಂದಿದ್ರೆ ಆಗ್ತಿತ್ತಲ್ವಾ? ಯಾಕಷ್ಟು ಹೆದರ್ತಿದ್ದೆ?” ಎಂದೆ.

“ಹೆದರಿಕೆ ಯಾವ್ದಮ್ಮ? ‘ನೀನು ಹೋಗಪ್ಪ’ ಅಂತ ಅವರೇ ದಿನಾ ಹೇಳೋರು.”

“ಮತ್ತೆ?”

“ಅವರ ಹೆಂಡ್ತಿ ತೀರ್ಕೊಂಡಿದ್ರು ಕಣಮ್ಮ. ಬೀಗ ತೆಗೆದು ಆ ಮನೆ ಒಳಗೆ ಹೋಗೋಕೆ ಅವರಿಗೆ ಬೇಜಾರು. ಕೆಲಸ ಏನೂ ಇರ್ತಿರಲಿಲ್ಲ, ಹಳೇ ಫೈಲ್ ತಿರುವ್ತಾ ಕೂರೋರು. ನಾನೂ ಎದ್ದೋದ್ರೆ ಒಬ್ರೇ ಆಗ್ತಾರಲ್ಲ ಅಂತ.”

“ಇದನ್ನ ಅಮ್ಮಂಗೆ ಹೇಳಿರಲಿಲ್ವಾ?”

“ಅವರ ಮನೆ ವಿಷಯ ನಾನ್ಯಾಕೆ ಹೇಳ್ಲಿ?”

ಇಷ್ಟು ವರ್ಷ ಅವನ ಕಾಯುವಿಕೆಯನ್ನು ನಾನು ಎಷ್ಟು ಸಲೀಸಾಗಿ ಓದಿಬಿಟ್ಟಿದ್ದೆ, ಬಿರ್ಗಿಟ್ ನನ್ನದನ್ನು ಓದಿದ ಹಾಗೆಯೇ.

ಸೋಮವಾರ ಸಂಜೆಯೂ ಆರಕ್ಕೆ ಎದ್ದೆ. ಆ ಅಭ್ಯಾಸ ಬಿಡುವವಳಲ್ಲ. ಆದರೆ ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ನಿಂತು, “ಸಾರ್, ಮನೇಲಿ ಎಲ್ಲಾ ಚೆನ್ನಾಗಿದಾರಾ?” ಎಂದು ಕೇಳಿದೆ. ಅವರು ಗಾಬರಿಯಾದರು. “ಯಾಕ್ರೀ, ರಜ ಬೇಕಿತ್ತಾ?”

“ಇಲ್ಲ ಸಾರ್. ಸುಮ್ನೆ ಕೇಳ್ದೆ.”

ಅವರು ಪಕ್ಕದ ಕುರ್ಚಿಯ ಮೇಲಿದ್ದ ಫೈಲುಗಳನ್ನು ತೆಗೆದು ಕೆಳಗಿಟ್ಟರು. “ಕೂತ್ಕೊಳ್ಳಿ ಎರಡು ನಿಮಿಷ,” ಎಂದರು.

ಕೂತೆ.