ಹೊಗೆ ಎಲ್ಲಿ ಮಲಗುತ್ತದೆ ಎಂದು ಕೇಳಿದವರು

ಅವರ ಗದ್ದದ ಕೆಳಗೆ, ಗಂಟಲ ಗಂಟಿನ ಪಕ್ಕ, ಒಂದಿಷ್ಟು ಬಿಳಿ ಕೂದಲು ಸದಾ ಉಳಿದಿರುತ್ತಿದ್ದವು. ಎಷ್ಟು ನೀಟಾಗಿ ಗಡ್ಡ ಮಾಡಿಕೊಂಡು ಬಂದರೂ ಆ ಜಾಗಕ್ಕೆ ಬ್ಲೇಡು ತಾಕುತ್ತಿರಲಿಲ್ಲ. ಬೇರೆಯವರಾಗಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ನಮ್ಮ ವೈರ್‌ಮನ್ ಕಾಕಾ ಮಾತ್ರ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ತಲೆಯ ಮೇಲಿನ ಮಾಳಿಗೆಯನ್ನು. ಕುತ್ತಿಗೆ ಹಿಂದಕ್ಕೆ ಚೆಲ್ಲಿ, ಮೇಲೆ ನೋಡುತ್ತಲೇ "ಅರಾಮ ಅದೀರಿ?" ಅನ್ನುತ್ತಿದ್ದರು. ಕೇಳಿದ್ದು ನಮ್ಮನ್ನೋ ಜಂತಿಗಳನ್ನೋ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಅವರ ಮನೆ ಶಹಾಪುರದಲ್ಲಿ, ನಮ್ಮದು ಸಗರದಲ್ಲಿ. ನಮ್ಮ ಓಣಿಯ ಎಷ್ಟೋ ಮನೆಗಳಿಗೆ ಮೊದಲ ಬಲ್ಬು ಹಾಕಿದವರು ಅವರೇ. ಜೀವಮಾನವಿಡೀ ವೈರು ಎಳೆದವರು ವಯಸ್ಸಾದ ಮೇಲೆ ವೈರೇ ಇಲ್ಲದ ಹೊಗೆ ಅಲಾರಂ ಕೂಡಿಸುವುದನ್ನು ಕಲಿತಿದ್ದರು. ಅದು ನಮಗೆ ಬೇಕಾದದ್ದು ನಮ್ಮ ಅತ್ತೆಗಾಗಿ.

ಅತ್ತೆಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಒಂದೊಂದೇ ಪದಕ್ಕೆ ಇಳಿದಿತ್ತು. ಬೆಳಿಗ್ಗೆ ನಾನು ಶಾಲೆಗೆ, ಯಜಮಾನರು ಹೊಲಕ್ಕೆ ಹೋದರೆ ಮಧ್ಯಾಹ್ನದವರೆಗೆ ಅವರು ಪಡಸಾಲೆಯ ಹೊರಸಿನ ಮೇಲೆ ಒಬ್ಬರೇ. ಪಕ್ಕದ ಕೋಣೆಯಲ್ಲಿ ತೊಲೆ ಮುಟ್ಟುವಷ್ಟು ಹತ್ತಿ. ಬಿಡಿಸಿದ ಹತ್ತಿಯನ್ನು ದರ ಬರುವತನಕ ಮನೆಯೊಳಗೇ ಒಟ್ಟುವುದು ನಮ್ಮ ಕಡೆಯ ರೂಢಿ. ಬೆಳಕಿಂಡಿಯ ಬಿಸಿಲು ಬಿದ್ದಾಗ ಕೋಣೆಯೊಳಗೆ ಮೋಡ ಬಂದು ಕೂತಂತೆ ಕಾಣುತ್ತಿತ್ತು. ನೋಡಲು ಚೆಂದವೇ. ಆದರೆ ಅದಕ್ಕೆ ಕಿಡಿ ತಾಕಿದರೆ ಅತ್ತೆ ಏಳಲಾರರು, ಕೂಗಲಾರರು. ಪಾಠದ ನಡುವೆ ಅದು ನೆನಪಾಗಿ ಎಷ್ಟೋ ಸಲ ನನ್ನ ಕೈಯ ಸೀಮೆಸುಣ್ಣ ಹಲಗೆಯ ಮೇಲೆ ಹಾಗೇ ನಿಂತುಬಿಡುತ್ತಿತ್ತು.

ಕಾಕಾ ತಂದದ್ದು ಅಂಗೈಯಗಲದ ಮೂರು ಬಿಳಿ ಡಬ್ಬಿ, ಸಿಮ್ ಹಾಕುವ ಒಂದು ಪೆಟ್ಟಿಗೆ. ಹೊಗೆ ಮುಟ್ಟಿದರೆ ಡಬ್ಬಿ ಕಿರುಚುತ್ತದೆ, ಪೆಟ್ಟಿಗೆ ಫೋನು ಮಾಡುತ್ತದೆ. ಅಂಟಿಸಿ ಹೋಗಲು ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ಕಾಕಾ ಊದಿನಕಡ್ಡಿ ಕೇಳಿದರು. ಅದನ್ನು ಹಚ್ಚಿ ಒಂದು ಗಿಂಡಿಯಲ್ಲಿ ನಿಲ್ಲಿಸಿ, ಪಡಸಾಲೆಯ ನಡುವೆ ಜಮಖಾನ ಹಾಸಿಕೊಂಡು ಅಂಗಾತ ಮಲಗಿಬಿಟ್ಟರು.

"ಏನ್ ಮಾಡಾಕತ್ತೀರಿ ಕಾಕಾ?"

"ಹೊಗಿ ಎಲ್ಲಿ ಮಲಗ್ತದ ನೋಡಾಕತ್ತೇನ್ರಿ ಅಕ್ಕೋರ. ಒಂದೊಂದ್ ಮನ್ಯಾಗ ಅದಕ್ಕ ಒಂದೊಂದ್ ಜಾಗಾ ಇರ್ತದ."

ಆ ಮಧ್ಯಾಹ್ನ ಈಗಲೂ ನನಗೆ ಕನಸಿನ ಹಾಗೆ ನೆನಪಿದೆ. ಹೊಗೆ ಬಿಸಿಲಕೋಲಿನೊಳಗೆ ಹೊಕ್ಕು ನೀಲಿಯಾಗುತ್ತಿತ್ತು, ಹೊರಗೆ ಬಂದು ಮಾಯವಾಗುತ್ತಿತ್ತು. ಬಾಜೂ ಮನೆಯ ಹೊಲಿಗೆ ಮಷೀನು ಸದ್ದು ಮಾಡುತ್ತಿತ್ತು, ನಿಲ್ಲುತ್ತಿತ್ತು. ಗೋಡೆಗೊರಗಿದ ನನಗೆ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಎಷ್ಟು ಹೊತ್ತಾಗಿತ್ತೋ ತಿಳಿಯದು, ಕಾಕಾ ಇನ್ನೂ ಹಾಗೇ ಮೇಲೆ ನೋಡುತ್ತ ಮಲಗಿದ್ದರು.

ಆಮೇಲೆ ಅವರು ಅತ್ತೆಯ ಕಡೆ ಹೊರಳಿದರು. "ಅವ್ವಾರ, ಈ ಮಾಳಗಿ ನಿಮ್ಮಷ್ಟ ನೋಡಿದವ್ರು ಯಾರೂ ಇಲ್ಲ. ಒಲಿ ಹಚ್ಚಿದಾಗ ಹೊಗಿ ಬಂದು ಎಲ್ಲಿ ನಿಂದರ್ತದ? ನೀವ ತೋರಸ್ರಿ."

ಎರಡು ವರ್ಷದಲ್ಲಿ ನಾವು ಅತ್ತೆಯನ್ನು ಕೇಳಿದ್ದೆಂದರೆ ಊಟ ಆಯಿತೆ, ಗುಳಿಗೆ ನುಂಗಿದಿರಾ, ಸೀರೆ ಒದ್ದೆಯಾಗಿದೆಯೆ, ಇಷ್ಟೆ. ಅವರಿಗೆ ಏನಾದರೂ ಗೊತ್ತಿದ್ದೀತು ಎಂದು ಯಾರೂ ಕೇಳಿರಲಿಲ್ಲ. ಅತ್ತೆಯ ಎಡಗೈ ನಿಧಾನವಾಗಿ ಎದ್ದಿತು. ಮೂರನೆಯ ತೊಲೆ, ಗೋಡೆಯ ಕಡೆಯ ತುದಿ. ಕಾಕಾ ಗಿಂಡಿಯನ್ನು ಒಲೆಯ ಹತ್ತಿರ ಇಟ್ಟು ಕಾದರು. ಹೊಗೆ ಅಲ್ಲಲ್ಲಿ ಅಡ್ಡಾಡಿ, ಕಡೆಗೆ ಅತ್ತೆ ತೋರಿಸಿದ ಮೂಲೆಗೇ ಹೋಗಿ ನಿಂತಿತು. "ಬರೋಬ್ಬರಿ" ಎಂದು ಕಾಕಾ ಏಣಿ ಹತ್ತಿದರು. ಅತ್ತೆಯ ಸೊಟ್ಟಾದ ತುಟಿಯಲ್ಲಿ ಅರ್ಧ ನಗು ಬಂತು. ನನಗೆ ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ.

ಪೆಟ್ಟಿಗೆ ಯಾರಿಗೆ ಫೋನು ಮಾಡಬೇಕು ಎಂಬ ಮಾತು ಬಂದಾಗ ನಾನು ಮೈದುನ, ನಾದಿನಿಯರ ನಂಬರು ತೆಗೆದೆ. "ಬಳಗ ಬ್ಯಾಡ್ರಿ" ಅಂದರು ಕಾಕಾ. "ಹಗಲ ಹನ್ನೊಂದಕ್ಕ ಮನಿ ಬಾಜೂ ಯಾರ್ ಇರ್ತಾರ, ಅವರ್ದು ಕೊಡ್ರಿ." ಹಾಗೆ ಬಾಜೂ ಮನೆಯ ಟೇಲರ್ ಅಕ್ಕನ ನಂಬರು ಮೊದಲು ಕೂತಿತು, ಮನೆಯ ಒಂದು ಚಾವಿಯೂ ಅವಳ ಕೈಸೇರಿತು. ಎರಡನೆಯದು ನನ್ನದು, ಮೂರನೆಯದು ಕಾಕಾ ಅವರದೇ.

ತಿಂಗಳಿಗೊಮ್ಮೆ ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ ಅಮಾವಾಸ್ಯೆ ಗೊತ್ತುಮಾಡಿದರು. ಅವತ್ತು ನಮ್ಮಲ್ಲಿ ಎತ್ತು ಹೂಡುವುದಿಲ್ಲ, ಹಾಗಾಗಿ ಯಾರೂ ಮರೆಯುವುದಿಲ್ಲ. ನಾವೇ ಗುಂಡಿ ಒತ್ತಿದರೆ ಸಾಕು ಎಂದವರು ಪ್ರತಿ ಅಮಾವಾಸ್ಯೆಗೂ ತಾವೇ ಸ್ಕೂಟರ್ ಹತ್ತಿ ಬರುತ್ತಿದ್ದರು. ಚಹಾ ಕುಡಿದು ಹೊರಸಿನ ಪಕ್ಕ ಕೂತು, "ಅವ್ವಾರ, ನಿಮ್ಮ ಚುಕ್ಕಿ ಮಿಣುಕ್ತದಿಲ್ರಿ?" ಅನ್ನುತ್ತಿದ್ದರು. ಡಬ್ಬಿಯಲ್ಲಿ ನಿಮಿಷಕ್ಕೊಮ್ಮೆ ಹಸಿರು ದೀಪ ಮಿನುಗುತ್ತಿತ್ತು. ಹಗಲಿಡೀ ಅದನ್ನೇ ನೋಡುತ್ತ ಮಲಗುವ ಅತ್ತೆ ಹೌದೆಂದು ಕಣ್ಣು ಮುಚ್ಚಿ ತೆರೆಯುತ್ತಿದ್ದರು.

ಇನ್ನು ನನ್ನ ಘನಕಾರ್ಯ. ಮಹಾನವಮಿಗೆ ಆಯುಧ ಪೂಜೆ ಮಾಡುವಾಗ ಟ್ರ್ಯಾಕ್ಟರಿಗೆ, ಮಿಕ್ಸರಿಗೆ, ಫ್ರಿಜ್ಜಿಗೆ ವಿಭೂತಿ ಹಚ್ಚಿದೆ. ಮನೆ ಕಾಯುವ ಡಬ್ಬಿಗಳನ್ನು ಬಿಟ್ಟರೆ ಹೇಗೆ? ಸ್ಟೂಲು ಹತ್ತಿ ಮೂರಕ್ಕೂ ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ದಪ್ಪಗೆ ಬಳಿದೆ. ಹೊಗೆ ಒಳಗೆ ಹೋಗುವ ಸೀಳುಗಳೆಲ್ಲ ಮುಚ್ಚಿಹೋದವು. ನಾನು ಶಾಲೆಯಲ್ಲಿ ಕಲಿಸುವುದು ವಿಜ್ಞಾನ.

ದೀಪಾವಳಿ ಅಮಾವಾಸ್ಯೆಗೆ ಕಾಕಾ ಬಂದು ಊದಿನಕಡ್ಡಿ ಹಿಡಿದರು. ಒಂದೂ ಕೂಗಲಿಲ್ಲ. ಏಣಿ ಹತ್ತಿ ಸೀಳುಗಳ ಮೇಲೆ ಬೆರಳಾಡಿಸಿ, ವಿಭೂತಿ ಅಂಟಿದ ಬೆರಳನ್ನು ನನಗೆ ತೋರಿಸಿದರು. ಇಷ್ಟು ದಿನ ಅತ್ತೆ ಉಸಿರು ಕಟ್ಟಿದ ಡಬ್ಬಿಯ ಕೆಳಗೆ ಮಲಗಿದ್ದರು ಎಂದು ತಿಳಿದು ನಾನು ಅಳತೊಡಗಿದೆ. ಕಾಕಾ ಒಣ ಬ್ರಷ್ಷಿನಿಂದ ಒಂದೊಂದೇ ಸೀಳು ಬಿಡಿಸಿದರು. ಎಲ್ಲವೂ ಕೂಗಿದ ಮೇಲೆ ನನ್ನ ಮುಖ ನೋಡಿದರು. "ಅಳಬ್ಯಾಡ್ರಿ ಅಕ್ಕೋರ. ಇದಕ್ಕೂ ಮೂಗು ಅದ, ಉಸರಾಡಾಕ ಬಿಡ್ರಿ." ಆಮೇಲೆ ವಿಭೂತಿ ಕೇಳಿ, ಡಬ್ಬಿಯ ಪಕ್ಕದ ತೊಲೆಗೆ ತಾವೇ ಹಚ್ಚಿದರು. "ತೊಲಿಗೆ ಹಚ್ಚೇನಿ. ನಿಮ್ಮ ಪೂಜಿನೂ ಆತು."

ಅದಾದ ಎಂಟನೆಯ ದಿನ ದೇವರ ಜಗಲಿಯಿಂದ ಉರಿಯುವ ಎಣ್ಣೆಬತ್ತಿಯನ್ನು ಇಲಿಯೊಂದು ಹತ್ತಿಯೊಳಗೆ ಎಳೆದುಕೊಂಡು ಹೋಯಿತು. ಒಟ್ಟಿದ ಹತ್ತಿಯ ಬೆಂಕಿ ಬೇಗ ಉರಿಯಾಗುವುದಿಲ್ಲ, ಒಳಗೊಳಗೇ ಸುಡುತ್ತ ಹೊಗೆ ಕಾರುತ್ತದೆ. ಮೊದಲು ಕೂಗಿದ್ದು ಅತ್ತೆ ತೋರಿಸಿದ ತೊಲೆಯ ಡಬ್ಬಿ. ಶಾಲೆಯಲ್ಲಿ ನನ್ನ ಫೋನು ಬಡಿದುಕೊಂಡಾಗ ಎದ್ದು ಓಡಿದ ನಾನು ಮನೆ ಮುಟ್ಟುವಷ್ಟರಲ್ಲಿ ಟೇಲರ್ ಅಕ್ಕ ಅತ್ತೆಯನ್ನು ಹೊರಸಿನ ಸಮೇತ ಅಂಗಳಕ್ಕೆ ಎಳೆದು ತಂದಿದ್ದಳು. ಓಣಿಯವರು ಹತ್ತಿ ಹೊರಗೆಸೆದು ನೀರು ಸುರಿಯುತ್ತಿದ್ದರು. ಅತ್ತೆ ಕೆಮ್ಮುತ್ತಿದ್ದರು, ಉಸಿರಾಡುತ್ತಿದ್ದರು. ಆ ಅಮಾವಾಸ್ಯೆಗೆ ಕಾಕಾ ಬರದೆ ಹೋಗಿದ್ದರೆ ಎಂಬ ಯೋಚನೆಯನ್ನು ಇವತ್ತಿಗೂ ನಾನು ಪೂರ್ತಿ ಮಾಡಲಾರೆ.

ಶಹಾಪುರದಿಂದ ಕಾಕಾ ಬಂದೇ ಬಂದರು. ಆವತ್ತು ಅವರು ಮಾಳಿಗೆ ನೋಡಲಿಲ್ಲ. ಹೊರಸಿನ ಪಕ್ಕ ನೆಲದ ಮೇಲೆ ಕೂತು ಅತ್ತೆಯ ಎಡಗೈ ಹಿಡಿದುಕೊಂಡರು. "ನೀವು ತೋರ್ಸಿದ್ದ ಜಾಗಾ ಅವ್ವಾರ. ನಿಮ್ಮ ಮನಿ ನೀವ ಉಳಿಸ್ಕೊಂಡ್ರಿ." ಅತ್ತೆ ಅತ್ತರು. ಲಕ್ವ ಹೊಡೆದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೋದ ಬೇಸಿಗೆಯಲ್ಲಿ ಕಾಕಾ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಸುದ್ದಿ ಹೇಳಿದಾಗ ಅತ್ತೆ ಬಾಗಿಲ ಕಡೆ ಕೈ ತೋರಿಸಿದರು. ಬೇಡವೆಂದರೆ ಕೇಳಲಿಲ್ಲ, ಮುಖ ಗೋಡೆಗೆ ತಿರುವಿ ನೀರು ಮುಟ್ಟಲಿಲ್ಲ. ಕಡೆಗೆ ಒಂದು ಟೆಂಪೋದಲ್ಲಿ ಹಾಸಿಗೆ ಹಾಸಿ ಅವರನ್ನು ಶಹಾಪುರಕ್ಕೆ ಕರೆದೊಯ್ದೆವು. ಜನ ಸರಿದು ದಾರಿ ಬಿಟ್ಟರು. ಯಜಮಾನರು ತಾಯಿಯನ್ನು ಎತ್ತಿಕೊಂಡು ಹೋಗಿ ಕಾಕಾ ಪಕ್ಕದಲ್ಲಿ ಕೂಡಿಸಿ, ಹಿಂದಿನಿಂದ ಹಿಡಿದುಕೊಂಡರು. ಅತ್ತೆ ಎಡಗೈಯನ್ನು ಅವರ ಎದೆಯ ಮೇಲಿಟ್ಟರು. ತುಟಿ ಎಷ್ಟೋ ಹೊತ್ತು ಅಲುಗಾಡಿತು. ಎರಡು ಪದ ಕೂಡಿಸಲಾರದ ಬಾಯಿ ಆವತ್ತು ನಾಲ್ಕು ಪದ ಕೂಡಿಸಿತು.

"ನನ್ನ ಪಾಳಿ. ನೀ ಹೋದಿ."

ಯಾರೋ ಆ ಕೈ ಬಿಡಿಸಲು ಬಂದರು. ಇನ್ನೊಂದಿಷ್ಟು ಹೊತ್ತು ಇರಲಿ ಎಂದು ನಾನು ಅವರನ್ನು ತಡೆದೆ.