ಚಾರ್ಜಿಗೆ ನಿಂತ ದಿಬ್ಬಣ

ಅಕ್ಕನ ಮಗನ ಮದುವೆ ದಿಬ್ಬಣವನ್ನು ಕುಂದಾಪುರದಲ್ಲಿ ನಡುದಾರಿಯಲ್ಲೇ ನಿಲ್ಲಿಸಿದವನು ನಾನು. ನಮ್ಮ ಸಂಬಂಧಿಕರಲ್ಲಿ ಇದನ್ನು ಈಗಲೂ ಆರೋಪದ ಹಾಗೆಯೇ ಹೇಳುತ್ತಾರೆ. ಆದ್ದರಿಂದ ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು.

ಕಾರು ಕೊಂಡದ್ದು ಆ ಮದುವೆಗೆ ತುಸು ಮೊದಲು. ಕರೆಂಟಿನ ಕಾರು ಎಂದು ಗೊತ್ತಾದದ್ದೇ ತಡ, ಸಿಕ್ಕಿದವರೆಲ್ಲ ಬುದ್ಧಿ ಹೇಳತೊಡಗಿದರು. ಹೆಚ್ಚಿನವರು ಹೇಳಿದ್ದು ಕಾಯಲು. ಬರುವ ವರ್ಷ ಒಂದೇ ಚಾರ್ಜಿಗೆ ಮುಂಬೈ ಮುಟ್ಟಿಸುವ ಕಾರು ಬರುತ್ತದಂತೆ. ಇನ್ನೊಂದು ಜಾತಿಯ ಬ್ಯಾಟರಿ ತಯಾರಾಗುತ್ತಿದೆಯಂತೆ, ಚಹಾ ಕುಡಿದು ಲೋಟ ಇಡುವುದರೊಳಗೆ ತುಂಬುತ್ತದಂತೆ. ಇದನ್ನೆಲ್ಲ ನಾನೂ ಓದಿದ್ದೆ. ಆದರೆ ಓದಿದ್ದನ್ನು ಕೂಡಲೇ ನಂಬಬಾರದೆಂಬುದೊಂದನ್ನು ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿ ಕಲಿತಿದ್ದೆ. ಇನ್ನೂ ಹುಟ್ಟದ ಕಾರಿನಲ್ಲಿ ಕೂತು ಬ್ರಹ್ಮಾವರ ಪೇಟೆಗೆ ಹೋಗಿ ಬರಲು ಆಗುವುದಿಲ್ಲ. ಶೋರೂಮಿನಲ್ಲಿ ಇದ್ದದ್ದನ್ನು ತಂದೆ.

ಭಾವನಿಗೆ, ಎಂದರೆ ಅಕ್ಕನ ಗಂಡನಿಗೆ, ಅದು ಸರಿಬರಲಿಲ್ಲ. ಅವರದು ಕೊಕ್ಕರ್ಣೆಯ ಕಡೆ ಮನೆ, ಗದ್ದೆ ಬೇಸಾಯ, ಒಂದು ಹಳೆಯ ಡೀಸೆಲ್ ಜೀಪು.

"ಅದ್ ಕಾರ್ ಅಲ್ಲ ಮರಾಯಾ, ದೊಡ್ಡ ಮೊಬೈಲ್," ಎಂದರು. "ಅರ್ಧ ದಾರಿಯಗೆ ಸ್ವಿಚ್ ಆಫ್ ಆರೆ ಎಂತ ಮಾಡ್ತೆ?"

"ನಿಮ್ಮ ಜೀಪನ್ನ ಎಷ್ಟ್ ಸಲ ನೂಕಿದ್ದೆ ಭಾವ, ಆಗ ಎಂತ ಮಾಡಿದ್ರಿ?"

ಅವರು ನಗಲಿಲ್ಲ. ಮದುಮಗ ಸೋದರಮಾವನ ಗಾಡಿಯಲ್ಲಿ ಹೋಗುವುದು ನಮ್ಮ ಮನೆತನಗಳ ಪದ್ಧತಿ. ಅವನ ಕೈಹಿಡಿದು ಮಂಟಪಕ್ಕೆ ಕರೆದುಕೊಂಡು ಹೋಗುವವನೂ ಮಾವನೇ. ಭಾವ ಬಾಡಿಗೆ ಕಾರೊಂದಕ್ಕೆ ಹೇಳಿಟ್ಟಿದ್ದರು. ಅಳಿಯ ಮಾತ್ರ ಮಾವನ ಕಾರೇ ಬೇಕೆಂದು ಹಟ ಹಿಡಿದ. ಕೊನೆಗೆ ಭಾವ ಎಲ್ಲರೆದುರು ಷರತ್ತು ಹಾಕಿದರು: ಮುಹೂರ್ತಕ್ಕೆ ಮೊದಲು ಮದುವೆ ನಡೆಯುವ ಕೊಲ್ಲೂರು ಮುಟ್ಟದಿದ್ದರೆ ಹುಡುಗನ ಕೈ ಹಿಡಿಯುವುದು ತಮ್ಮ ಕಡೆಯ ಹಿರಿಯರು. ಆಗಲಿ ಎಂದೆ.

ಮದುವೆಯ ಮುನ್ನಾದಿನ ಸಂಜೆ ಕಾರನ್ನು ಅಕ್ಕನ ಮನೆಯ ಹಿಂದೆ, ಅಡುಗೆಯ ಚಪ್ಪರದ ಪಕ್ಕ ನಿಲ್ಲಿಸಿ ಅಲ್ಲಿನ ದೊಡ್ಡ ಪ್ಲಗ್ಗಿಗೆ ಸಿಕ್ಕಿಸಿದೆ. ಬೆಳಿಗ್ಗೆ ತೆಂಗಿನಕಾಯಿ ಒಡೆದು, ಮದುಮಗನನ್ನು ಕೂರಿಸಿ, ನಾನೂ ಕೂತು ಪರದೆ ನೋಡಿದರೆ ಚಾರ್ಜು ಏರಿಯೇ ಇಲ್ಲ. ಇಳಿದು ಹೋಗಿ ನೋಡಿದರೆ ಪ್ಲಗ್ಗಿನಲ್ಲಿ ಇದ್ದದ್ದು ಅಡುಗೆಯವರ ಗ್ರೈಂಡರು.

ಅಡುಗೆಯವರು ಸೌಟು ಹಿಡಿದುಕೊಂಡೇ ಬಂದರು. "ಹ್ವಾಯ್, ಕಾಯಿ ಅರಿಯೂಕೆ ಬ್ಯಾಡ್ದಾ? ಕಾರಿಗೆ ಕರೆಂಟ್ ಕೊಟ್ರೆ ಸಾಂಬಾರಿಗೆ ಯಾರ್ ಕೊಡ್ತ್ರ್?"

ಇರುವ ಚಾರ್ಜಿನಲ್ಲಿ ಕುಂದಾಪುರ ದಾಟಬಹುದು, ಕೊಲ್ಲೂರು ಅನುಮಾನ. ಪರದೆಯ ಮೇಲೆ ಇನ್ನೆಷ್ಟು ದೂರ ಹೋದೀತೆಂದು ಬರೆದಿರುತ್ತದಲ್ಲ, ಅದೂ ಕಾರಿನ ಊಹೆಯೇ. ಊಹೆಯನ್ನು ನಂಬಿ ಮದುಮಗನನ್ನು ಕಾಡಿನ ದಾರಿಗೆ ಕರೆದೊಯ್ಯಲು ನಾನು ತಯಾರಿರಲಿಲ್ಲ. ಹೆದ್ದಾರಿ ಬದಿಯ ಹೋಟೆಲೊಂದರ ಅಂಗಳದಲ್ಲಿ ಬೇಗ ಚಾರ್ಜ್ ಮಾಡುವ ಯಂತ್ರ ಇರುವುದು ಗೊತ್ತಿತ್ತು. ಕುಂದಾಪುರ ಬಂದದ್ದೇ ಅಲ್ಲಿಗೆ ತಿರುಗಿಸಿದೆ. ಹಿಂದೆ ಜೀಪು, ಅದರ ಹಿಂದೆ ಎರಡು ಬಸ್ಸು, ಎಲ್ಲ ಬಂದು ನಿಂತವು.

ಭಾವ ಜೀಪಿನಿಂದ ಹಾರಿಯೇ ಇಳಿದರು. "ದಿಬ್ಬಣ ಹೊರಟ ಮೇಲೆ ಮಧ್ಯ ನಿಲ್ಸೂಕಾಗ ಅಂದೇಳಿ ಗೊತ್ತಿಲ್ಯಾ ನಿಂಗೆ?"

"ಹಾಗಾರೆ ಅಳಿಯನ್ನ ನಿಮ್ಮ ಜೀಪಿಗೆ ಹತ್ಸಿ."

"ಕೂತ ಮದುಮಗ ಇಳೂಕೂ ಆಗ!"

ನಿಲ್ಲಲೂ ಬಾರದು, ಇಳಿಯಲೂ ಬಾರದು. ನಾನು ವಯರು ಸಿಕ್ಕಿಸಿದೆ. ಅಳಿಯ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ಎಸಿ ಹಾಕಿಕೊಂಡು ಒಳಗೇ ಕೂತ. ಕಿಟಕಿಯಿಂದ ಯಾರೋ ಅವನಿಗೆ ಚಹಾ ಕೊಟ್ಟರು.

"ನಿಮ್ಮ ಮದುವೆಯ ದಿಬ್ಬಣವೂ ನಿಂತಿತ್ತು ಭಾವ," ಎಂದೆ. "ಕೊಲ್ಲೂರಿಂದ ವಾಪಸ್ ಬರುವಾಗ, ವಂಡ್ಸೆಯಲ್ಲಿ. ಬಾಡಿಗೆ ಕಾರು ಕುದಿದು ಹೊಗೆ ಎದ್ದಿತ್ತು. ಪಕ್ಕದ ಮನೆಯ ಬಾವಿಯಿಂದ ಕೊಡಪಾನದಲ್ಲಿ ನೀರು ತಂದವನು ನಾನು."

"ಅದ್ ನಮ್ಮ ಮದಿಯಗೆ ಅಲ್ಲ. ನಿನ್ ದೊಡ್ಡಪ್ಪನ ಮಗಂದ್. ನೀನ್ ಓದಿ ಓದಿ ಎಲ್ಲ ಒಟ್ಟ್ ಮಾಡ್ಕಂಡಿದ್ದೆ."

ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದು ಕೇಳಿ ನನಗೇ ಸಂಶಯ ಬಂತು. ಕೊಡಪಾನದ ಭಾರ ಕೈಗೆ ನೆನಪಿದೆ, ನಡೆಯುವಾಗ ನೀರು ತುಳುಕಿ ಹೊಸ ಪ್ಯಾಂಟು ಒದ್ದೆಯಾದದ್ದು ನೆನಪಿದೆ. ಆದರೆ ಕಾರಿನ ಒಳಗೆ ಯಾರಿದ್ದರೆಂದು ನೋಡಲು ಹೋದರೆ ಮುಖಗಳು ಬದಲಾಗುತ್ತವೆ. ದೊಡ್ಡಪ್ಪನ ಮಗನ ಮದುವೆಗೂ ನಾನು ಹೋಗಿದ್ದೆ. ಎರಡು ದಿನಗಳನ್ನು ಸೇರಿಸಿ ನನಗೆ ಬೇಕಾದ ಒಂದು ದಿನ ಮಾಡಿಕೊಂಡಿದ್ದೇನೆಯೇ? ಅಂಥದ್ದು ನನಗೆ ಹೊಸತಲ್ಲ. ಆದರೂ ವಯರಿನ ಮೇಲಿಟ್ಟ ಕೈ ತೆಗೆಯಲಿಲ್ಲ. ನನ್ನ ನೆನಪು ಸುಳ್ಳಾದರೂ ಬ್ಯಾಟರಿ ತುಂಬಲೇಬೇಕಿತ್ತು.

ಬಸ್ಸಿನಿಂದ ಇಳಿದು ಬಂದ ಅಕ್ಕ ನಮ್ಮಿಬ್ಬರ ನಡುವೆ ನಿಂತಳು.

"ವಂಡ್ಸೆಯೋ ಹೆಮ್ಮಾಡಿಯೋ ನಂಗ್ ಗೊತ್ತಿಲ್ಲೆ," ಎಂದಳು. "ನಿಂತದ್ ಹೌದ್. ಇವ್ರ್ ಚಪ್ಪಲಿ ಇಲ್ದೆ ನನ್ನ ರೋಡಿಗ್ ಇಳ್ಸಿ ತಾವ್ ಬೀಡಿ ಸೇದೂಕ್ ಹೋಯಿದ್ರ್. ಕಾಲ್ ಸುಟ್ಟಿತ್. ಅದನ್ನ ನಾನ್ ಮರೀತ್ನಾ?"

ಸುತ್ತ ನಿಂತ ಹೆಂಗಸರು ನಕ್ಕುಬಿಟ್ಟರು. ಭಾವ ಆಚೆ ತಿರುಗಿ, ಎಲ್ಲರಿಗೂ ಚಹಾ ಕೊಡುವಂತೆ ಹೋಟೆಲಿನವರಿಗೆ ಜೋರಾಗಿ ಹೇಳಿದರು. ಹೇಳುವಾಗಲೂ ಬೈದ ಹಾಗೆಯೇ ಇತ್ತು.

ಎಷ್ಟು ಹೊತ್ತು ನಿಂತೆವೆಂದು ಇವತ್ತು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಲೆಕ್ಕವನ್ನು ನಾನೇ ನಂಬುವುದಿಲ್ಲ. ಸಾಕು ಎನಿಸಿದಾಗ ವಯರು ಕಿತ್ತು ಹೊರಟೆ. ಹೆಮ್ಮಾಡಿಯಲ್ಲಿ ತಿರುಗಿ ಒಳದಾರಿ ಹಿಡಿದ ಮೇಲೆ ಜೀಪು ಒಂದೆರಡು ಸಲ ಹಾರ್ನ್ ಮಾಡಿತು. ಮದುಮಗನ ಗಾಡಿಯನ್ನು ಹಿಂದೆ ಹಾಕುವ ಹಾಗಿಲ್ಲವಲ್ಲ. ನಾನು ನನ್ನ ವೇಗದಲ್ಲೇ ಹೋದೆ. ಕೊಲ್ಲೂರಿನ ಮದುವೆ ಹಾಲ್ ಮುಟ್ಟಿದಾಗ ಒಳಗೆ ವಾದ್ಯ ನಡೆಯುತ್ತಿತ್ತು. ಮುಹೂರ್ತ ಇನ್ನೂ ಬಂದಿರಲಿಲ್ಲ.

ಹೆಣ್ಣಿನ ಕಡೆಯವರು ಬಾಗಿಲಲ್ಲಿ ಕಾಯುತ್ತಿದ್ದರು. ಹುಡುಗಿಯ ಸೋದರಮಾವ, ಬೈಂದೂರಿನ ಮೀನು ವ್ಯಾಪಾರಿ, ಮುಂದೆ ಬಂದು ಕೇಳಿದರು: "ಎಂತ ತಡ ಆಯ್ತ್?"

"ಕುಂದಾಪ್ರದಗೆ ಜಾಮ್," ಎಂದರು ಭಾವ ತಟ್ಟನೆ.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಜಾಮ್ ಅಲ್ಲ," ಎಂದೆ. "ಕರೆಂಟಿನ ಕಾರು. ಚಾರ್ಜಿಗೆ ನಾನೇ ನಿಲ್ಲಿಸಿದೆ."

ಬೈಂದೂರಿನ ಮಾವ ಕಾರಿನ ಸುತ್ತ ಒಂದು ಸುತ್ತು ಬಂದರು. "ಮೀನಿನ ಬಾಕ್ಸ್ ಹಾಕ್ರೆ ಎಳೀತ್ತಾ ಇದ್?" ಎಂದರು. ಅವರ ಹಿಂದೆ ಇನ್ನೂ ನಾಲ್ಕಾರು ಜನ ಬಂದರು. ಒಬ್ಬರು ಬಾನೆಟ್ ತೆರೆಯಲು ಹೇಳಿದರು, ಇನ್ನೊಬ್ಬರು ಮಳೆಗಾಲದಲ್ಲಿ ಶಾಕ್ ಹೊಡೆಯುವುದಿಲ್ಲವೇ ಎಂದರು. ಒಳಗಿನಿಂದ ಪುರೋಹಿತರು ಮದುಮಗ ಎಲ್ಲಿ ಎಂದು ಕೂಗಿದರು. ಭಾವನ ಕಡೆಯ ಹಿರಿಯರೊಬ್ಬರು ಮದುಮಗನತ್ತ ಒಂದು ಹೆಜ್ಜೆ ಮುಂದಿಟ್ಟರು.

"ಕಾರು ಇಲ್ಲೇ ಇರುತ್ತದೆ, ಆಮೇಲೆ ಹೇಳ್ತೇನೆ," ಎಂದು ಬಾಗಿಲು ತೆರೆದು ಅಳಿಯನ ಕೈ ಹಿಡಿದೆ. ಭಾವನತ್ತ ನೋಡದೆ ಅವನನ್ನು ಮಂಟಪದ ಕಡೆಗೆ ನಡೆಸಿದೆ.