ದೇವನಹಳ್ಳಿ ಕೋಟೆಯ ಹೊಸ ವೀರಪ್ಪ

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಅಮ್ಮನಿಗೆ ಈಗ ಕಣ್ಣು ಪೂರ್ತಿ ಮಂಜು. "ನೋಡೋಕಾಗ್ದಿದ್ರೆ ಬೇಡ, ವೀರಪ್ಪನ್ನ ಒಂದ್ಸಲ ಮುಟ್ಟಿ ಬರೋಣ ಕಣೋ" ಎಂದು ಹಠ ಹಿಡಿದಿದ್ದಳು. ಭಾನುವಾರ ಬೆಳಗಿನ ಕೆಂಪು ಬಸ್ಸು ಹತ್ತಿದೆವು. ಅವಳಿಗೆ ಟಿಕೆಟ್ ಫ್ರೀ. ನಾನು ಚಿಲ್ಲರೆ ಕೊಡಲಿಲ್ಲವೆಂದು ಕಂಡಕ್ಟರ್ ಅರ್ಧ ದಾರಿ ಗೊಣಗಿದ.

ವೀರಪ್ಪನೆಂದರೆ ಕೋಟೆಯೊಳಗೆ ಅಮ್ಮನ ತವರಿನ ಬೀದಿಯಲ್ಲಿದ್ದ ವೀರಗಲ್ಲು. ಕೋಟೆ ಕಾಯುತ್ತ ಸತ್ತ ಯಾರೋ ಬಂಟನದು. ತವರಿನವರಿಗೆ ಅವನೇ ಮನೆದೇವರು. ಮೂಗು ಹಾರಿಹೋಗಿತ್ತು, ಕತ್ತಿ ಹಿಡಿದ ಕೈ ಮೊಣಕೈಗೇ ತುಂಡಾಗಿತ್ತು, ಎದೆಯಲ್ಲೊಂದು ಗುಳಿ. ಆಮೇಲಿನ ಯಾವುದೋ ಕದನದಲ್ಲಿ ಗುಂಡು ತಾಗಿದ್ದೆಂದು ಮನೆಯವರ ಮಾತು. ಚಿಕ್ಕಂದಿನಲ್ಲಿ ಅಮ್ಮ ಆ ಗುಳಿಗೇ ಬೆರಳಿಟ್ಟು ಅರಿಶಿನ ತುಂಬುತ್ತಿದ್ದಳಂತೆ.

ಕೋಟೆಯ ಪೂರ್ವದ ಬಾಗಿಲಲ್ಲಿ ಅಮ್ಮನ ತಮ್ಮ ನಾಗಪ್ಪ ಮಾವ ಕಾಯುತ್ತಿದ್ದರು. ಆಗಲೇ ಬಿಸಿಲು ಸುಡುತ್ತಿತ್ತು. ಒಂದು ಕಾಲಕ್ಕೆ ಇದು ಗಡಿಯ ಊರು. ಪಾಳೆಯಗಾರರು ಮಣ್ಣಿನಲ್ಲಿ ಕಟ್ಟಿದ್ದನ್ನು ಮೈಸೂರಿನವರು ಕಲ್ಲಿನಲ್ಲಿ ಎಬ್ಬಿಸಿದರು. ಮರಾಠರು ಬಂದರು, ಇಂಗ್ಲಿಷರು ಬಂದರು, ಬಂದವರೆಲ್ಲ ಒಂದೊಂದು ಏಟು ಹಾಕಿಯೇ ಹೋದರು. ದುಂಡು ಬುರುಜುಗಳು ಇನ್ನೂ ಗಟ್ಟಿಯಾಗಿವೆ. ಆದರೆ ಗಾರೆ ಉದುರಿದೆ, ಬಿರುಕಿನಲ್ಲಿ ಅರಳಿ ಗಿಡ, ಬುಡದಲ್ಲಿ ಬಿಸಾಕಿದ ಪ್ಲಾಸ್ಟಿಕ್. ಮಾತಾಡಿದ್ದು ಕೇಳದ ಹಾಗೆ ತಲೆಯ ಮೇಲೆ ವಿಮಾನಗಳು ಬೇರೆ.

ಬೀದಿ ತಿರುಗಿದ್ದೇ ನಾನು ಗಕ್ಕನೆ ನಿಂತೆ. ವೀರಪ್ಪ ನಿಂತಿದ್ದ ಜಾಗದಲ್ಲಿ ಟೈಲ್ಸ್ ಹಾಕಿದ ಪುಟ್ಟ ಗುಡಿ, ಒಳಗೆ ಮಿರಮಿರ ಮಿಂಚುವ ಕರಿಕಲ್ಲಿನ ಹೊಸ ವಿಗ್ರಹ!

"ಭಿನ್ನ ಆಗಿರೋ ವಿಗ್ರಹಕ್ಕೆ ಪೂಜೆ ಮಾಡ್ಬಾರ್ದಂತೆ ಅಕ್ಕ," ಮಾವ ಹೆಮ್ಮೆಯಿಂದಲೇ ಹೇಳಿದರು. "ಬೀದಿಯೋರೆಲ್ಲ ಸೇರಿ ಹೊಸಾದು ಮಾಡಿಸ್ಬಿಟ್ವಿ. ನಿಂಗೆ ಖುಷಿಯಾಗ್ಲಿ ಅಂತ್ಲೇ ಮುಂಚೆ ಹೇಳ್ಲಿಲ್ಲ."

"ಹಳೇದು?" ಅಮ್ಮ ಕೇಳಿದಳು.

"ಶಾಸ್ತ್ರವಾಗಿ ಹಿತ್ಲು ಬಾವಿಗೆ ಬಿಟ್ವಿ. ಆಮೇಲೆ ಮಕ್ಳು ಮರಿ ಬಿದ್ದಾವು ಅಂತ ಬಾವೀನೂ ಮುಚ್ಚಿಸ್ದೆ."

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ? ಮಾವ ದೇವರ ಮೇಲಿನ ಪ್ರೀತಿಗೆ ಮಾಡಿದ್ದು. ಅಷ್ಟು ದಂಡು ಬಂದು ಹೋದರೂ ನಿಂತಿದ್ದ ವೀರಪ್ಪನನ್ನು ಕೊನೆಗೆ ಮನೆಯವರೇ ಕೆಡವಿದರಲ್ಲ ಎಂದು ಸಂಕಟವಾಯಿತು.

ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈ ಚಾಚಿದಳು. ಮೂಗು ಸವರಿದಳು, ನಯವಾಗಿತ್ತು. ಕತ್ತಿ ಹಿಡಿದ ಕೈ ಸವರಿದಳು, ಇಡಿಯಾಗಿತ್ತು. ಎದೆಯ ಮೇಲೆ ಬೆರಳು ಬಹಳ ಹೊತ್ತು ಹುಡುಕಿತು.

"ಚೆನ್ನಾಗವ್ನೆ ಕಣೋ ನಾಗ," ಎಂದಳು. ತಮ್ಮನ ಮನಸ್ಸು ನೋಯಬಾರದಲ್ಲ. ಮಾವನ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು ಉಂಡೆವು. ಅಮ್ಮನಿಗೆ ಊಟ ಸೇರಲಿಲ್ಲ.

ವಾಪಸು ಬಸ್ಸಿನಲ್ಲಿ ಊರು ದಾಟುವವರೆಗೂ ನಾನು ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದೆ. ಅಮ್ಮ ಕೈ ಮಡಿಚಿ ಕೂತಿದ್ದಳು.

"ಯಾಕಮ್ಮ, ಹೊಸ ವೀರಪ್ಪ ಹಿಡಿಸ್ಲಿಲ್ವಾ?" ಎಂದೆ.

"ಅವನಿಗೆ ಏನೂ ಆಗೇ ಇಲ್ವಲ್ಲೋ," ಎಂದಳು. "ಅವನ ಹತ್ರ ಹೋಗಿ ನಮ್ ಕಷ್ಟ ಏನಂತ ಹೇಳ್ಕೊಳ್ಳೋದು?"